ಭೂಮಿ ಬಂತು, ನೀರು? ಚಿಕ್ಕಪಡಸಲಗಿ ರೈತರ ಬ್ಯಾರೇಜು

ಬೆಳೆಗಾರ ಬಂಧುಗಳು ಬಲ್ಲಂತೆ, ಭೂಸುಧಾರಣಾ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರಕ್ಕೆ ಸೇರಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಅನೇಕ ಗೇಣಿದಾರರು ನ್ಯಾಯಮಂಡಳಿಯ ಮೂಲಕ ಒಡೆಯರಾದರು. ಕಾಫಿ ತೋಟಗಳಿಗೆ ವಿನಾಯಿತಿ ಇತ್ತು, ಅಡಿಕೆಗೆ ಇರಲಿಲ್ಲ. ನಮ್ಮಲ್ಲಿ ಪಡೆದವರೂ ಇದ್ದಾರೆ, ಕಳೆದುಕೊಂಡವರೂ ಇದ್ದಾರೆ; ಆ ಚರ್ಚೆ ಇಲ್ಲಿ ಬೇಡ. ಭೂಮಿ ಕೈಗೆ ಬಂದ ಮಾತ್ರಕ್ಕೆ ಮನೆಯ ಕಣಜ ತುಂಬುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಅದಕ್ಕೆ ಜಮಖಂಡಿ, ಮುಧೋಳದ ಕಡೆ ನೋಡಬೇಕು.

ಅಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಮಲೆನಾಡಿನ ಹಲವೆಡೆ ಜುಲೈ ಒಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಮಳೆಗಾಲದಲ್ಲಿ ದಡ ಮೀರುವ ಕೃಷ್ಣೆ ಬೇಸಿಗೆಗೆ ಬತ್ತುತ್ತಿದ್ದಳು. ದಂಡೆಯ ಮೇಲೆ ಹೊಲವಿದ್ದವನಿಗೂ ನೀರಿಲ್ಲ! ಆಗ ಜಮಖಂಡಿ ತಾಲೂಕಿನ ರೈತರು ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಮ್ಮಲ್ಲೇ ವಂತಿಗೆ ಎತ್ತಿ, ಶ್ರಮದಾನ ಮಾಡಿ, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ನದಿಗೆ ಬ್ಯಾರೇಜು ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರು. ಜನ ಅವರನ್ನು ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರೆಂದರೆ ಆ ಕೆಲಸದ ತೂಕ ತಿಳಿದೀತು.

ಬ್ಯಾರೇಜಿನ ಗುಟ್ಟು ಸರಳ. ಪ್ರವಾಹವನ್ನು ಹೂಳಿನ ಸಮೇತ ಹರಿಯಬಿಟ್ಟು, ಮಳೆ ಹಿಂದಾದ ಮೇಲೆ ಬಾಗಿಲು ಮುಚ್ಚುವುದು. ನೀರು ಬಹುಮಟ್ಟಿಗೆ ನದಿಯ ಪಾತ್ರದೊಳಗೇ ನಿಲ್ಲುವುದರಿಂದ ಹೊಲ ಮುಳುಗುವ ಭಯ ಕಡಿಮೆ. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ಬೀಳಗಿ ತಾಲೂಕಿನವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ನೀರು ಬಂದಲ್ಲೆಲ್ಲ ಕಬ್ಬು ಬಂತು. ಜೋಳದ ಸೀಮೆಯಲ್ಲಿ ಜೋಳದ ಹೊಲ ಕಿರಿದಾಯಿತು. ಎರೆಭೂಮಿಗೆ ಮಿತಿಮೀರಿ ನೀರು ಹಾಯಿಸಿದ ಕಡೆ ಸವುಳು ಎದ್ದಿತು. ಕಾರ್ಖಾನೆಯ ಬಿಲ್ಲು ಬಂದ ಮೇಲೆ ರೊಟ್ಟಿಯ ಜೋಳ ಕೊಳ್ಳುವ ಸ್ಥಿತಿಗೂ, ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಸಸಿ ಇಟ್ಟು ಪೇಟೆಯ ಅಕ್ಕಿ ತರುವ ನಮ್ಮ ಸ್ಥಿತಿಗೂ ಹೆಚ್ಚು ಅಂತರ ನಮಗೆ ಕಾಣುವುದಿಲ್ಲ.

ಒಟ್ಟಾಗಿ ನೀರು ನಿಲ್ಲಿಸುವುದು ನಮಗೆ ಹೊಸತೇನಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ತೋಟದವರು ತೋಡಿಗೆ ಅಡ್ಡಲಾಗಿ ಮಣ್ಣು, ಕಲ್ಲಿನ ‘ಕಟ್ಟ’ವನ್ನು ನೆರೆಕರೆಯವರೊಡನೆ ವರ್ಷವರ್ಷವೂ ಕಟ್ಟುತ್ತ ಬಂದವರು. ಆಳಿನ ಅಭಾವದಿಂದ ಎಷ್ಟೋ ಕಟ್ಟಗಳು ನಿಂತುಹೋಗಿವೆ. ಕಿಂಡಿ ಅಣೆಕಟ್ಟು ಇರುವ ಕಡೆ ಒಳಹರಿವು ಇಳಿಯುವ ಮುನ್ನವೇ ಹಲಗೆ ಹಾಕಿಸಬೇಕು. ಆ ನೀರಿನಲ್ಲಿ ಮೊದಲ ಪಾಲು, ಇನ್ನೂ ಮುಚ್ಚದೆ ಉಳಿದ ಗದ್ದೆಗೆ ಸಲ್ಲಲಿ ಎಂಬುದು ನಮ್ಮ ಅಭಿಪ್ರಾಯ.