ಸಿರಿಯ ಪದಗಳೂ ಅವುಗಳ ಮಟ್ಟೂ

ಪದ್ಯವು ಉಳಿದು ಅದರ ಮಟ್ಟು ಅಳಿದುಹೋಗಿರುವಲ್ಲಿ ಹಾಡುವವನು ಮಾಡತಕ್ಕದ್ದೇನು? ರಾಯಚೂರು ಸೀಮೆಯವರಾದ ನಮಗೆ ಈ ಪ್ರಶ್ನೆಯು ದೂರದ್ದಲ್ಲ. ಮಾನ್ವಿಯ ಬಳಿಯ ಚೀಕಲಪರ್ವಿಯ ವಿಜಯದಾಸರು (೧೬೮೨–೧೭೫೫), ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಇವರೆಲ್ಲರೂ ಈ ನೆಲದವರೇ. ಸಿರಿ ಬರುವುದೂ ಹೋಗುವುದೂ ದಾಸರ ಪದಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯ. ಹಳೆಯ ಪ್ರತಿಗಳಲ್ಲಿ ಸಾಹಿತ್ಯವಿದೆ. ಕೆಲವೆಡೆ ರಾಗತಾಳಗಳ ಹೆಸರೂ ಉಂಟು. ಸ್ವರಲಿಪಿಯು ಮಾತ್ರ ಇಲ್ಲ.

ಇಂತಹುದೇ ಸಂಗತಿಯೊಂದು ಯೂರೋಪಿನಲ್ಲಿಯೂ ನಡೆದಿದೆ. ಸುಮಾರು ೧೨೩೦ರಲ್ಲಿ ಬರೆದ ಲ್ಯಾಟಿನ್ ಪದ್ಯಗಳ ಹಸ್ತಪ್ರತಿಯೊಂದು ೧೮೦೩ರಲ್ಲಿ ಬವೇರಿಯದ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ ದೊರಕಿತು. ಅದರಲ್ಲಿ ಭಾಗ್ಯದೇವತೆಯ ಚಕ್ರದ ಚಿತ್ರವಿದೆ: ಒಬ್ಬನು ಏರುತ್ತಾನೆ, ಒಬ್ಬನು ಮೇಲೆ ಕುಳಿತಿದ್ದಾನೆ, ಒಬ್ಬನು ಬೀಳುತ್ತಾನೆ, ಇನ್ನೊಬ್ಬನು ಕೆಳಗೆ ಬಿದ್ದಿದ್ದಾನೆ. ಕೆಲವು ಪದ್ಯಗಳ ಮೇಲೆ ದನಿಯ ಏರಿಳಿತವನ್ನು ತೋರುವ ಗುರುತುಗಳಿವೆ. ಆದರೆ ಗೆರೆಗಳಿಲ್ಲವಾದ್ದರಿಂದ ಯಾವ ಸ್ವರವೆಂದು ಅವುಗಳಿಂದಲೇ ನಿಶ್ಚಯಿಸಲಾಗದು. ಕಾರ್ಲ್ ಓರ್ಫ್ ಎಂಬ ಜರ್ಮನ್ ಸಂಗೀತಗಾರನು ಇಪ್ಪತ್ತನಾಲ್ಕು ಪದ್ಯಗಳನ್ನು ಆರಿಸಿ, ಹಳೆಯ ಮಟ್ಟನ್ನು ಹುಡುಕುವ ಗೊಡವೆಗೆ ಹೋಗದೆ, ತನ್ನದೇ ಸಂಗೀತವನ್ನು ಕೂಡಿಸಿದನು. ೧೯೩೭ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಭಾಗ್ಯವನ್ನು ಕುರಿತ ವೃಂದಗಾನವು ಮೊದಲಲ್ಲಿ ಬಂದು ಕೊನೆಯಲ್ಲಿ ಮರಳುತ್ತದೆ. ಚಕ್ರವು ಒಂದು ಸುತ್ತು ಸುತ್ತಿದಂತಾಗುತ್ತದೆ. ಪ್ರತಿ ಚರಣವಾದ ಮೇಲೆ ಪಲ್ಲವಿಗೆ ಮರಳುವ ನಮಗೆ ಇದು ಹೊಸತೆನಿಸದು.

ಓರ್ಫನು ನೆಚ್ಚಿದ್ದು ಪದ್ಯದ ನಡೆಯನ್ನು. ಆ ಲ್ಯಾಟಿನ್ ಪದ್ಯಗಳು ಬಹುಮಟ್ಟಿಗೆ ಪ್ರಾಚೀನರ ಗುರುಲಘು ಲೆಕ್ಕವನ್ನು ಬಿಟ್ಟು, ಉಚ್ಚಾರದ ಒತ್ತನ್ನೂ ಅಂತ್ಯಪ್ರಾಸವನ್ನೂ ಹಿಡಿದು ನಡೆಯುತ್ತವೆ. ನಮ್ಮ ಪದಗಳಲ್ಲಿಯಾದರೋ ಪ್ರಾಸವು ಸಾಲಿನ ಎರಡನೆಯ ಅಕ್ಷರದಲ್ಲಿದೆ. ಮೊದಲ ಅಕ್ಷರವನ್ನೇ ಆಲಾಪದಲ್ಲಿ ಎಳೆದು ನಿಲ್ಲಿಸಿದರೆ ಪ್ರಾಸವು ಕಿವಿಗೆ ಬೀಳುವುದೇ ಇಲ್ಲ. ಸಿರಿಯನ್ನು ನಂಬಬೇಡವೆಂಬ ಎಚ್ಚರಿಕೆಯು ಜೋಗುಳವಾಗಿಬಿಡುತ್ತದೆ. ಇದು ನಮ್ಮ ಕಾಲದ ಗಾಯಕರಲ್ಲಿ ಅಪರೂಪದ ದೋಷವಲ್ಲ.

ಹಾಗೆಂದು ಒಂದೇ ಮಟ್ಟು ಸರಿಯೆಂದು ನಾವು ಹೇಳುವುದಿಲ್ಲ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪ್ರಸಿದ್ಧ ಪದವನ್ನು ಕರ್ನಾಟಕ ಪದ್ಧತಿಯವರು ಮಧ್ಯಮಾವತಿಯಲ್ಲಿಯೋ ಶ್ರೀರಾಗದಲ್ಲಿಯೋ ಹಾಡುವರು. ಭೀಮಸೇನ ಜೋಶಿಯವರು ಅದನ್ನೇ ಹಿಂದೂಸ್ತಾನಿ ಧಾಟಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಎರಡರಲ್ಲಿಯೂ ಮಾತು ಕೇಳಿಸುತ್ತದೆ, ಅಷ್ಟು ಸಾಕು.

ವಿಜಯದಾಸರು ಹೇರಳವಾಗಿ ರಚಿಸಿದ ಸುಳಾದಿಗಳಲ್ಲಿ ಕೆಲಸವು ಇನ್ನೂ ಕಠಿಣ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬಂತೆ ಒಂದೇ ಕೃತಿಯೊಳಗೆ ತಾಳವು ಬದಲಾಗುತ್ತ ಹೋಗುವುದು. ಎಲ್ಲವನ್ನೂ ಆದಿತಾಳಕ್ಕೆ ಒಗ್ಗಿಸಿದರೆ ಸುಲಭವೇನೋ ಆದೀತು, ಸುಳಾದಿಯು ಉಳಿಯದು. ಚಂದ್ರಬಂಡದಂತಹ ಊರಿನ ಭಜನೆಯವರು ಅದನ್ನು ಎತ್ತಿಕೊಳ್ಳುವುದಾದರೆ, ಮೊದಲು ರಾಗವನ್ನು ಬದಿಗಿಟ್ಟು, ಸಾಹಿತ್ಯವನ್ನು ಆಯಾ ತಾಳಕ್ಕೆ ಕೈಯಲ್ಲಿ ತಟ್ಟುತ್ತ ಬರಿಯ ಮಾತಾಗಿ ಓದಿಕೊಳ್ಳಲಿ. ಕಡೆಯಲ್ಲಿ ಬರುವ ಎರಡು ಸಾಲಿನ ‘ಜತೆ’ಯವರೆಗೆ ಹೀಗೆ ಬಂದಮೇಲೆ ರಾಗವನ್ನು ಹಿಡಿಯಬಹುದು.