ಬ್ಯಾಟರಿ ಹೊಸದು, ಆದರೂ ಲಾರಿ ಏಳುತ್ತಿಲ್ಲ

ಪ್ರಶ್ನೆ: ಉಲ್ಹಾಸನಗರದಿಂದ ಫರ್ನಿಚರ್ ಸಾಗಿಸುವ ನಮ್ಮ ಲಾರಿ ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಮಾಲು ಇಳಿಸಿ ಕೀ ತಿರುಗಿಸಿದರೆ ಒಮ್ಮೊಮ್ಮೆ ಬರೀ ‘ಟಕ್’. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಏಕೆ?

ಉತ್ತರ: ಡೀಸೆಲ್ ಪಂಪಿನ ತಂಟೆಗೆ ಹೋಗಬೇಡಿ. ದೋಷ ಅಲ್ಲಿದ್ದರೆ ಎಂಜಿನ್ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ‘ಟಕ್’ ಸದ್ದು ಸೆಲ್ಫ್ ಮೋಟಾರಿನ ಕಡೆಯಿಂದ ಬರುತ್ತಿದ್ದರೆ ಸೊಲೆನಾಯ್ಡಿಗೆ ಕರೆಂಟ್ ಮುಟ್ಟಿದೆ. ಮೋಟಾರಿಗೆ ಬೇಕಾದ ನೂರಾರು ಆಂಪಿಯರ್ ಮಾತ್ರ ಹರಿಯುತ್ತಿಲ್ಲ.

ನನ್ನ ಮೊದಲ ಗುಮಾನಿ ಅರ್ತ್ ಕೇಬಲ್ ಮೇಲೆ. ಠಾಣೆ ಜಿಲ್ಲೆಯ ಮಳೆಗಾಲದ ತೇವಕ್ಕೆ ತಾಮ್ರದ ತುದಿ ಹಸಿರುಗಟ್ಟುತ್ತದೆ. ಮೇಲಿನ ಕವಚ ನೋಡಿದರೆ ಗೊತ್ತೇ ಆಗುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ ಒತ್ತಿ, ಕ್ಲೀನರ್‌ಗೆ ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಆದರೆ ಲಾರಿ ಹಟ ಹಿಡಿದ ಗಳಿಗೆಯಲ್ಲೇ ಅಳೆಯಬೇಕು. ಗ್ಯಾರೇಜಿಗೆ ಹೋದಾಗ ಅದು ಸಾಧುವಾಗಿರುತ್ತದೆ, ಮೆಕ್ಯಾನಿಕ್ ಸುಮ್ಮನೆ ಇನ್ನೊಂದು ಬ್ಯಾಟರಿ ಮಾರುತ್ತಾನೆ!

ಅರ್ತ್ ಸರಿಯಿದ್ದು, ಕೀ ತಿರುಗಿಸಿದಾಗಲೂ ಸೆಲ್ಫಿನ ದಪ್ಪ ಬೋಲ್ಟಿಗೆ ಪೂರ್ತಿ ವೋಲ್ಟೇಜ್ ಬರುತ್ತಿದ್ದರೆ, ಒಳಗಿನ ಕಾರ್ಬನ್ ಬ್ರಷ್ ಅಥವಾ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸವೆದಿದೆ. ಸುತ್ತಿಗೆಯಿಂದ ತಟ್ಟಿದರೆ ಏಳುವುದೂ ಇದೇ ಕಾರಣಕ್ಕೆ. ಸೆಲ್ಫ್ ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ಕಳಚಿಡಿ.