ಇಸವಿಯ ಕೆಳಗಿನ ಗುರುತು

ನೀರಮಾನ್ವಿ ಯಲ್ಲಮ್ಮನ ಜಾತ್ರೆಯ ಚಿಲ್ಲರೆ ಇನ್ನೂ ಜೇಬಿನಾಗ ಐತೇನು? ಒಂದು ನಾಣ್ಯ ತೆಗೀರಿ, ಇಸವಿಯ ಕೆಳಗೆ ನೋಡ್ರಿ. ಐದು ಮೂಲೆಯ ನಕ್ಷತ್ರ ಕಂಡ್ರೆ ಹೈದರಾಬಾದ್ ಟಂಕಸಾಲೆಯದು. ನಮಗ ಹತ್ತಿರದ್ದು ಅದೇ. ವಜ್ರದಾಕಾರ ಇದ್ರೆ ಮುಂಬೈ, ಚುಕ್ಕಿ ಇದ್ರೆ ನೋಯ್ಡಾ. ಏನೂ ಇಲ್ಲೇನು? ಕೋಲ್ಕತ್ತ.

ಇನ್ನು ಬೆಲೆ. 2012ರ ವೈಷ್ಣೋದೇವಿ ನಾಣ್ಯಕ್ಕ ಲಕ್ಷಗಟ್ಟಲೆ ಕೊಡ್ತೀವಿ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ದಯವಿಟ್ಟು ನಂಬಬ್ಯಾಡ್ರಿ. ಮೊದಲು ಶುಲ್ಕ ಕಟ್ರಿ ಅಂದ್ರ ಅದು ಮೋಸಾನೇ. 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸೈತಿ.

ಕೈಯಿಂದ ಕೈಗೆ ಸವೆದ ನಾಣ್ಯಕ್ಕ ಸಾಮಾನ್ಯವಾಗಿ ಮುಖಬೆಲೆ ಅಷ್ಟೇ. ಚಲಾವಣೆಗೇ ಬರದೆ ಹೊಳಪು ಉಳಿದಿದ್ದಕ್ಕ, ಟಂಕಸಾಲೆಯಲ್ಲೇ ಅಚ್ಚು ತಪ್ಪಿದ್ದಕ್ಕ ಸಂಗ್ರಾಹಕರು ಹೆಚ್ಚು ಕೊಡ್ತಾರ. ಅದಕ್ಕೇ ಹುಣಸೆಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ. ಇದ್ದ ಬೆಲೆಯೂ ಹೋಗ್ತದ.